ಅವ್ವನ ಕಲ್ಲಿನ ಕೆಳಗಿನ ಅರ್ಧ

ಬ್ಯಾಡಗಿ
ಗರಿಗಳ ಭಾನುವಾರ, ಈಸ್ಟರಿಗೆ ಒಂದು ವಾರ, ಮಧ್ಯಾಹ್ನ

ಪ್ರೀತಿಯ ತಮ್ಮ ನಾಥಾ,

"ಕರ್ತನಲ್ಲಿ ಪ್ರಿಯನಾದ" ಎಂದು ಅವ್ವ ಕಲಿಸಿದ ಹಾಗೆಯೇ ಶುರು ಮಾಡಿದ್ದೆ. ಅಷ್ಟರಲ್ಲಿ ನನ್ನ ಗಂಡ, ಅಂದರೆ ನಿನ್ನ ಮಾವ, ಬೆನ್ನ ಹಿಂದೆ ನಿಂತು ಇಣುಕಿ, "ಯಾವ ಕರ್ತ ಅಂತ ಬಿಡಿಸಿ ಬರಿ. ಬಂದು ಹೋದಾತನೋ, ಇನ್ನ ಬರೂ ಆತನೋ?" ಎಂದರು. ಆ ಕಾಗದ ಹರಿದು ಹೊಸದು ತೆಗೆದುಕೊಂಡೆ. ಹಾಗಾಗಿ ಈ ಸಲ ಬರೀ ಪ್ರೀತಿಯ ತಮ್ಮ. ಇದಕ್ಕೆ ನಿಮ್ಮಿಬ್ಬರಲ್ಲಿ ಯಾರ ತಕರಾರೂ ಇರಲಾರದು ಎಂದುಕೊಂಡಿದ್ದೇನೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬಹುದು. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು "ಅಕ್ಕಾ, ಬೈಬಲ್ಲಿನ ಗ್ರೀಕ್ ಮೂಲದಾಗ ಏನೈತಿ ಅಂದ್ರ" ಎಂದು ಎಳೆಯುತ್ತೀ. ಕಾಗದದ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ಇಲ್ಲಿ ಮೆಣಸಿನಕಾಯಿ ಹಂಗಾಮು, ಪೇಟೆಯಿಂದ ಬರುವ ಗಾಳಿಯೆಲ್ಲ ಘಾಟು. ಎಲ್ಲಾದರೂ ಅಕ್ಷರ ಸೊಟ್ಟಗಾಗಿದ್ದರೆ ಅಕ್ಕ ಅತ್ತಳು ಎಂದುಕೊಳ್ಳಬೇಡ, ಸೀನಿದಳು ಎಂದುಕೋ.

ವಿಷಯ ಅವ್ವನ ಕಲ್ಲಿನದು. ರಾಣೆಬೆನ್ನೂರಿನ ನಮ್ಮ ಸಭೆಯ ಸ್ಮಶಾನದಲ್ಲಿ ಅವ್ವ ಮಲಗಿ ಎರಡು ವರ್ಷವಾಯಿತು. ಈಸ್ಟರಿನ ಹಿಂದಿನ ದಿನ ಎಲ್ಲರೂ ತಮ್ಮ ತಮ್ಮವರ ಸಮಾಧಿಗೆ ಸುಣ್ಣ ಹಚ್ಚುತ್ತಾರೆ, ಮರುದಿನ ಹೊತ್ತು ಹುಟ್ಟುವ ಮೊದಲೇ ಮೇಣಬತ್ತಿ ಹಿಡಿದು ಬಂದು ನಿಂತು ಹಾಡುತ್ತಾರೆ. ಹೋದ ವರ್ಷ ಸುತ್ತಲಿನ ಸಮಾಧಿಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಅವ್ವನದು ಮಾತ್ರ ಮಣ್ಣಿನ ದಿಬ್ಬ. ತಲೆಯ ಕಡೆಗೆ ನೆಟ್ಟ ಕಟ್ಟಿಗೆಯ ಶಿಲುಬೆಯನ್ನು ಆಡುಗಳು ಮೈ ತಿಕ್ಕಿ ತಿಕ್ಕಿ ವಾಲಿಸಿದ್ದವು. ಹೊಸದಾಗಿ ಸಭೆಗೆ ಸೇರಿದ ಹೆಂಗಸೊಬ್ಬಳು ಪಾಪ, ತಿಳಿಯದೆ, "ಇದು ಯಾರದರಿ ಅಕ್ಕಾರ, ನೋಡಾಕ ಯಾರೂ ಇಲ್ಲೇನು?" ಎಂದು ಕೇಳಿದಳು. ನಾನು ಬತ್ತಿ ಸರಿಮಾಡುವವಳ ಹಾಗೆ ಬಗ್ಗಿಬಿಟ್ಟೆ. ನೀನಂತೂ ಬರಲೇ ಇಲ್ಲ. ಕೆಳಸ್ವರ ಹಿಡಿಯುವ ನೀನಿಲ್ಲದೆ ಆ ದಿನದ ಹಾಡು ನಡುವೆಯೇ ಕುಂಟಿತು.

ಇಷ್ಟಕ್ಕೆಲ್ಲ ಕಾರಣ ನಿಮ್ಮಿಬ್ಬರ ದೈವಶಾಸ್ತ್ರ.

ನಿನ್ನ ಮಾವ ಸಿಲ್ವಾನಪ್ಪನವರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಜೀವಮಾನ ಕಳೆದವರು. ಕಾಗಿನೆಲೆ ಬಸ್ಸು ಯಾವಾಗ, ಗುತ್ತಲ ಬಸ್ಸು ಯಾವಾಗ ಎಂದು ಕಿಟಕಿಗೆ ಮುತ್ತಿಕೊಂಡವರಿಗೆಲ್ಲ "ಇನ್ನೇನ ಬಂತ್ರಿ, ಕುಂದ್ರಿ" ಎಂದು ಹೇಳಿ ಹೇಳಿ ಅವರ ನಾಲಿಗೆ ಅದೇ ದಾರಿಗೆ ಬಿದ್ದಿದೆ. ಕರ್ತನ ವಿಷಯದಲ್ಲೂ ಅದೇ ಮಾತು. ಕೊರೊನಾ ಬಂದು ಊರೆಲ್ಲ ಹೆದರಿ ಬಾಗಿಲು ಹಾಕಿಕೊಂಡಾಗ ಆತ ಬರುವ ಸೂಚನೆ ಇದೇ ಎಂದು ಅವರು ಹಬ್ಬದ ಮುಖ ಹೊತ್ತು ಅಂಗಳದಲ್ಲಿ ಅಡ್ಡಾಡುತ್ತಿದ್ದರು. ಹೊಸದಾಗಿ ಬಂದ ಯಾವ ಕಾರ್ಡನ್ನು ಕಂಡರೂ ಇದೇ ಅಂತ್ಯಕಾಲದ ಮೃಗದ ಗುರುತೇನೋ ಎಂದು ತಿರುಗಿಸಿ ನೋಡುತ್ತಾರೆ, ಆಮೇಲೆ ಅದನ್ನೇ ತೋರಿಸಿ ಪಿಂಚಣಿ ತರುತ್ತಾರೆ. ಅಡುಗೆಮನೆಯ ಹಂಚು ಒಡೆದು ಸೋರಿದರೆ "ಇನ್ನ ಎಷ್ಟ ದಿವಸ ಇರ್ತೀವಿ ಇಲ್ಲೆ" ಎನ್ನುತ್ತಾರೆ. ಮೊನ್ನೆ ಖಾರ ಕುಟ್ಟಿಸುವಾಗ ಹಾಗಾದರೆ ಅರ್ಧ ವರ್ಷದ್ದು ಸಾಕೇ ಎಂದು ಕೇಳಿದೆ. ಮುಖ ಊದಿಸಿಕೊಂಡು, "ವರ್ಷದ ಖಾರ ವರ್ಷಕ್ಕ ಆಗಬೇಕು" ಎಂದರು. ಅದೂ ಬ್ಯಾಡಗಿ ಕಾಯಿಯೇ ಆಗಬೇಕು, ತೊಟ್ಟು ನಾನೇ ಬಿಡಿಸಬೇಕು.

ನೀನು ಇದರ ತದ್ವಿರುದ್ಧ. ಹಾವೇರಿಯ ನಿನ್ನ ಔಷಧಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಡಬ್ಬಿ ತಿರುಗಿಸಿ ಅವಧಿ ಮುಗಿದದ್ದನ್ನು ಬೇರೆ ಇಡುವವನು. ಮೊಬೈಲಿನಲ್ಲಿ ಯಾರೋ ಬೋಧಕನ ಮಾತು ಕೇಳಿದ್ದೇ ತಡ, ಪ್ರವಾದನೆಗಳನ್ನೂ ಹಾಗೆಯೇ ತಿರುಗಿಸಿ ನೋಡತೊಡಗಿದೆ. "ಈ ತಲೆಮಾರು ಇರೂದ್ರೊಳಗ ಎಲ್ಲಾ ಆಗ್ತೈತಿ ಅಂತ ಆತನ ಹೇಳ್ಯಾನ. ನಲವತ್ತ ವರ್ಷದಾಗ ರೋಮಿನ ದಂಡು ಬಂದು ಯೆರೂಸಲೇಮಿನ ದೇವಾಲಯ ಕೆಡವಿತು. ಆವಾಗನ ಆತ ನ್ಯಾಯತೀರ್ಪಿಗೆ ಬಂದಿದ್ದ. ಎಲ್ಲಾ ನೆರವೇರಿ ಮುಗದೈತಿ ಮಾವಾ, ನೀವು ಯಾವುದಕ್ಕ ಕಾಯಾಕತ್ತೀರಿ?" ನಿನ್ನ ಮಾವ ಬಿಡುತ್ತಾರೆಯೇ? "ಹಂಗಾದ್ರ ನಕ್ಷತ್ರ ಯಾವಾಗ ಉದುರಿದ್ವಪಾ? ಎಲ್ಲಾರ ಕಣ್ಣಿಗೂ ಆತ ಕಾಣ್ತಾನ ಅಂತ ಐತಿ. ನನ್ನ ಕಣ್ಣಿಗಂತೂ ಕಂಡಿಲ್ಲ, ನೀ ಏನರೆ ನೋಡೀದ್ಯೇನು?" ನಕ್ಷತ್ರ ಎಂದರೆ ಅಳಿದುಹೋದ ಅರಸರು, ಮೃಗ ಎಂದರೆ ನೀರೋ ಚಕ್ರವರ್ತಿ ಎಂದು ನೀನು ಬಿಡಿಸಿ ಹೇಳುವೆ. ಅವರು ಅವತ್ತಿನ ಪೇಪರು ತಂದು ಯುದ್ಧದ ಸುದ್ದಿ ಓದುವರು. ಹಬ್ಬಕ್ಕೆಂದು ಸೇರಿದ ಮನೆಯಲ್ಲಿ ನಾನು ಮತ್ತು ನಿನ್ನ ಹೆಂಡತಿ ಪ್ರಫುಲ್ಲಾ ಚಕ್ಕುಲಿ ಕರಿಯುತ್ತಾ ನಿಮ್ಮ ಗದ್ದಲ ಕೇಳುತ್ತಾ ಕೂರುತ್ತಿದ್ದೆವು.

ಆಗ ಅವ್ವ ಇದ್ದಳು. ಬೋರ್ಡಿಂಗಿನ ಮಕ್ಕಳಿಗೆ ಅಡುಗೆ ಮಾಡಿ ಮಾಡಿ, ನಾಲ್ಕು ಮಂದಿಗೆ ಬೇಯಿಸುವ ಅಳತೆ ಅವಳ ಕೈಗೆ ಬರಲೇ ಇಲ್ಲ. ಮೀಟರ್ ನೋಡಲು ಬಂದವನಿಗೂ, ಎದುರು ಮನೆಯ ಸೈದಾಬಿಯ ಮೊಮ್ಮಕ್ಕಳಿಗೂ, ವಿಳಾಸ ಕೇಳಲು ನಿಂತವರಿಗೂ ಒಂದೇ ಮಾತು: "ಉಂಡ ಹೋಗ್ರಿ." ನಿಮ್ಮ ವಾದ ತಾರಕಕ್ಕೆ ಹೋದಾಗ ರೊಟ್ಟಿಯ ಬುಟ್ಟಿಯನ್ನು ಇಬ್ಬರ ನಡುವೆ ಕುಕ್ಕಿ ಅವಳು ಹೇಳಿದ್ದು ನಿನಗೂ ನೆನಪಿರಬೇಕು. "ಆತ ಸತ್ತು ಎದ್ದು ಬಂದಾಗ ಶಿಷ್ಯರನ್ನ ಏನ ಕೇಳಿದ? ತಿನ್ನಾಕ ಏನರೆ ಐತೇನು ಅಂತ ಕೇಳಿದ. ಸುಟ್ಟ ಮೀನು ಕೊಟ್ರು, ತಿಂದ. ನೀವಿಬ್ರೂ ಆತ ಯಾವಾಗ ಬರ್ತಾನ ಅಂತ ಬಡದಾಡ್ತೀರಿ. ಬಂದ್ರ ಏನ ನೀಡೂದು ಅಂತ ಒಬ್ಬರರೆ ವಿಚಾರ ಮಾಡೀರೇನು?" ಇಬ್ಬರೂ ಬಾಯಿ ಮುಚ್ಚಿಕೊಂಡು ಉಂಡಿರಿ. ಕೈ ತೊಳೆದ ಮೇಲೆ ಮತ್ತೆ ಶುರು ಮಾಡಿದಿರಿ, ಆ ಮಾತು ಬೇರೆ.

ಕಹಳೆಯ ಬೆಳಗನ್ನು ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ಅವ್ವನ ಮನೆಯಲ್ಲಿ ನಾವೆಲ್ಲ ಸೇರಿದ್ದೆವು. ಹೊರಗೆ ಎದುರಿನ ಮನೆ ಕಾಣದಷ್ಟು ಮಂಜು. ಇನ್ನೂ ಹಾಸಿಗೆಯಲ್ಲಿರುವಾಗಲೇ ಕಿಟಕಿಯ ಬುಡದಲ್ಲಿ ಕಹಳೆ ಮೊಳಗಿತು. ಒಂದೇ ಸಲ, ಉದ್ದಕ್ಕೆ, ಗೋಡೆಯ ಮೇಲಿನ ಕನ್ನಡಿ ಅಲುಗುವ ಹಾಗೆ. ಕರ್ತನ ಬರುವಿಕೆಯ ಕಹಳೆಗೇ ಜೀವಮಾನವೆಲ್ಲ ಕಾದ ನಿನ್ನ ಮಾವ ಏನು ಮಾಡಿದರು? "ಒಂದ ನಿಮಿಷ, ಒಂದ ನಿಮಿಷ! ನನ್ನ ಅಂಗಿ ಎಲ್ಲೈತಿ?" ಎಂದು ಕೂಗುತ್ತಾ ನನ್ನ ರವಿಕೆಯೊಳಗೆ ಕೈ ತೂರಿಸಲು ಹೋದರು. ಎಲ್ಲವೂ ನೆರವೇರಿ ಮುಗಿದಿದೆ ಎಂದಿದ್ದ ನೀನು ಬರಿಗಾಲಲ್ಲಿ ಅಂಗಳಕ್ಕೆ ಓಡಿ, ಮೊಣಕಾಲೂರಿ, ಮಂಜಿನ ಕಡೆಗೆ ಮುಖವೆತ್ತಿ, "ಕರ್ತನೇ, ನನಗ ತಿಳೀಲಿಲ್ಲ, ತಪ್ಪಾತು" ಎಂದೆ. ಇಲ್ಲ ಎನ್ನಬೇಡ, ನಾನೂ ಪ್ರಫುಲ್ಲಾಳೂ ಬಾಗಿಲಲ್ಲೇ ನಿಂತಿದ್ದೆವು. ಮಂಜಿನೊಳಗಿಂದ ಹೊರಬಂದವನು ಬ್ಯಾಂಡ್ ಕಂಪನಿಯ ಮೈಲೇಶ. ಹಿಂದಿನ ಓಣಿಯ ಮದುವೆಮನೆ ಎಂದುಕೊಂಡು ನಮ್ಮ ಕಿಟಕಿಗೆ ಬಂದು ತಾನು ಬಂದ ಸುದ್ದಿ ಊದಿದ್ದ. ನೀನು ಕಾಲ ಬುಡದಲ್ಲಿ ಮೊಣಕಾಲೂರಿದ್ದನ್ನು ಕಂಡು ಅವನೇ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. ಅವ್ವ ಒಳಗಿನಿಂದ ಸೌಟು ಹಿಡಿದೇ ಬಂದಳು. "ಇಷ್ಟ ಮುಂಜಾನೆ ಊದಬೇಕಂದ್ರ ಹೊಟ್ಟ್ಯಾಗ ಏನರೆ ಇರಬೇಕಪ್ಪಾ. ಬಾ, ಬಿಸಿ ಝುಣಕಾ ಐತಿ, ಉಂಡ ಹೋಗು." ಕಹಳೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ರೊಟ್ಟಿ ತಿಂದ. ಆ ದಿನ ಸಂಜೆಯವರೆಗೆ ನಿಮ್ಮಿಬ್ಬರ ಬಾಯಿಂದ ಪ್ರವಾದನೆ ಎಂಬ ಶಬ್ದ ಬರಲಿಲ್ಲ.

ಅವ್ವ ಹೋದ ಮೇಲೆ ನಿಮ್ಮ ನಡುವೆ ಬುಟ್ಟಿ ಕುಕ್ಕುವವರು ಯಾರೂ ಉಳಿಯಲಿಲ್ಲ. ಮೇಡ್ಲೇರಿ ರಸ್ತೆಯಲ್ಲಿರುವ ದಿಲಾವರನ ಅಂಗಡಿಯಲ್ಲಿ ಕರಿಕಲ್ಲು ಆರಿಸಿದೆವು. ಮೇಲಿನ ಅರ್ಧದಲ್ಲಿ ಅವ್ವನ ಹೆಸರು, ಹುಟ್ಟಿದ್ದು, ತೀರಿಕೊಂಡದ್ದು. ಅದನ್ನು ದಿಲಾವರ ಚೆಂದವಾಗಿ ಕೆತ್ತಿದ. ಕೆಳಗಿನ ಅರ್ಧಕ್ಕೆ ಒಂದು ಸಾಲು ಬೇಕಿತ್ತು. ಅಲ್ಲಿಗೆ ನಿಂತಿತು. ನಿನ್ನ ಮಾವನಿಗೆ "ಕರ್ತನ ಪುನರಾಗಮನಕ್ಕಾಗಿ ಕಾಯುತ್ತಾ ಮಲಗಿರುವ" ಎಂದೇ ಆಗಬೇಕು. ಬಂದು ಹೋದವನಿಗಾಗಿ ಅವ್ವ ಯಾಕೆ ಕಾಯುತ್ತಾ ಮಲಗಬೇಕು ಎಂದು ನಿನ್ನ ಜಗಳ. ಅವರು ಕೆತ್ತು ಎಂದು ಫೋನ್ ಮಾಡುವುದು, ನೀನು ಉಳಿ ಕೆಳಗಿಡು ಎಂದು ಫೋನ್ ಮಾಡುವುದು. ದಿಲಾವರ ಕೊನೆಗೆ ನನ್ನನ್ನು ಹುಡುಕಿಕೊಂಡು ಬಂದ. "ಅಕ್ಕಾರ, ನಿಮ್ಮ ಮಂದಿ ಜಗಳ ಮುಗಿಯೂದ್ರಾಗ ಜಗತ್ತ ಮುಗಿಯೂ ಖಯಾಮತ್ ಬರ್ತೈತಿ ನೋಡ್ರಿ. ಆಮ್ಯಾಲ ಕಲ್ಲಿನ ಜರೂರತ್ತ ಇರೂದಿಲ್ಲ." ಸಭಾಪಾಲಕರು ಸಂಧಾನಕ್ಕೆ ಬಂದು "ಸಮಾಧಾನದಲ್ಲಿ ವಿಶ್ರಮಿಸುತ್ತಿರುವ ಎಂದು ಬರೆಸಿ" ಎಂದರು. ಪುನರುತ್ಥಾನವೂ ಆಗಿಹೋಗಿದೆ, ಎದ್ದವಳಿಗೆ ವಿಶ್ರಾಂತಿ ಎಂಥದು ಎಂದು ನೀನು ಕೇಳಿದೆ. ವಿಶ್ರಾಂತಿ ಆಗಬಹುದು, ಆದರೆ ಎಲ್ಲಿಯ ತನಕ ಎಂಬುದೂ ಬರಬೇಕು ಎಂದು ನಿನ್ನ ಮಾವ ಪಟ್ಟು ಹಿಡಿದರು. ಆ ಸಾಧು ಮನುಷ್ಯ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು.

ಆಮೇಲೆ ಬಂತು ಅವ್ವನ ವರುಷದ ಊಟ. ಎಲ್ಲರ ಎದುರು ನೀನು, "ಮಾವಾ, ನಿಮ್ಮ ಬಸ್ಸು ಎರಡ ಸಾವಿರ ವರ್ಷದ ಹಿಂದ ಬಂದು ಹೋಗೇತಿ. ನಿಲ್ದಾಣದಾಗ ನೀವೊಬ್ಬರ ಕುಂತೀರಿ" ಎಂದೆ. ಮಂದಿಯೆಲ್ಲ ನಕ್ಕರು. ನಿಜ ಹೇಳಬೇಕೆಂದರೆ ನಾನೂ ನಕ್ಕೆ. ಅವರು ನಗಲಿಲ್ಲ. ಆ ಕಿಟಕಿಯ ಹಿಂದೆ ಕುಳಿತು ಕೂದಲು ಹಣ್ಣು ಮಾಡಿಕೊಂಡವರು ಅವರು. "ಅವಧಿ ಮುಗಿದ ಔಷಧಿ ಮಾರಾವರಿಗೆ ಯಾವುದು ಮುಗದೈತಿ ಯಾವುದು ಉಳದೈತಿ ಅನ್ನೂದು ಎಲ್ಲಿ ತಿಳೀತೈತಿ" ಎಂದರು. ಒಂದೇ ಒಂದು ಮಾತ್ರೆಯನ್ನೂ ಹಾಗೆ ಮಾರದ ನಿನಗೆ ಆ ಮಾತು ಎಲ್ಲಿ ನಾಟಿತು ಎಂದು ನನಗೆ ಗೊತ್ತು. ಎಲೆಯ ಮುಂದಿನಿಂದ ಎದ್ದು ಹೋದೆ. "ದೀನವ್ವನ ಮಕ್ಕಳು" ಎಂದು ಅವ್ವನ ಹೆಸರಲ್ಲಿದ್ದ ವಾಟ್ಸಾಪ್ ಗುಂಪನ್ನೂ ಬಿಟ್ಟೆ. ನಾಥಾ, ಅವ್ವನ ಮನೆಯಿಂದ ಉಣ್ಣದೆ ಎದ್ದು ಹೋದವನು ನನಗೆ ತಿಳಿದಂತೆ ನೀನೊಬ್ಬನೇ.

ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ನನಗೆ ಗ್ರೀಕ್ ಬರುವುದಿಲ್ಲ. ಆದರೆ ನಿನ್ನನ್ನು ಎತ್ತಿ ಆಡಿಸಿದವಳು ನಾನು. ಕಾಯುವುದು ಚಿಕ್ಕಂದಿನಿಂದಲೂ ನಿನ್ನಿಂದ ಆಗದ ಕೆಲಸ. ಕ್ರಿಸ್ಮಸ್ಸಿಗೆ ಮಾಡಿಟ್ಟ ಕರ್ಚಿಕಾಯಿ ಕ್ರಿಸ್ಮಸ್ಸಿನ ತನಕ ಡಬ್ಬಿಯಲ್ಲಿ ಉಳಿದದ್ದುಂಟೇ? ಅವ್ವ ಆಸ್ಪತ್ರೆಯಲ್ಲಿದ್ದಾಗ ಆ ಉದ್ದನೆಯ ಪಡಸಾಲೆಯಲ್ಲಿ ನೀನು ಒಂದು ಕಡೆ ಕೂರಲಾರದೆ ಅಡ್ಡಾಡುತ್ತಿದ್ದೆ. ನಿನ್ನ ಮಾವ ಬೆಂಚಿನ ಮೇಲೆ ಅಲುಗದೆ ಕುಳಿತಿದ್ದರು. ಒಬ್ಬನಿಗೆ ಕಾಯಲಾಗುವುದಿಲ್ಲ, ಇನ್ನೊಬ್ಬರಿಗೆ ಕಾಯುವುದು ಬಿಟ್ಟರೆ ಬೇರೇನೂ ಬರುವುದಿಲ್ಲ. ಇಬ್ಬರೂ ಅದಕ್ಕೆ ಶಾಸ್ತ್ರದ ಅಂಗಿ ತೊಡಿಸಿದ್ದೀರಿ ಎಂದು ನನಗೆ ಅನ್ನಿಸುತ್ತದೆ. ನೀನು "ಎಲ್ಲಾ ಮುಗದೈತಿ" ಎಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಯೆರೂಸಲೇಮು ಅಲ್ಲ, ಅವ್ವನ ಖಾಲಿ ಅಡುಗೆಮನೆ. ನನಗೆ ಅವ್ವನನ್ನು ಮತ್ತೆ ನೋಡಬೇಕು. ಅದು ಯಾರ ಲೆಕ್ಕದಲ್ಲಿ ಯಾವಾಗ ಎಂಬುದು ನನಗೆ ಬೇಡ. ಇಲ್ಲಿ ಅಕ್ಷರ ಸೊಟ್ಟಗಾಗಿದ್ದು ಸೀನಿನಿಂದಲ್ಲ.

ಈಗ ನಡೆದದ್ದನ್ನು ಕೇಳು. ರಂಜಾನ್ ಹಬ್ಬ ಮುಗಿದ ವಾರ ನಾನೊಬ್ಬಳೇ ರಾಣೆಬೆನ್ನೂರಿಗೆ ಹೋದೆ. ಈ ಸಲವೂ ಕಲ್ಲು ನಿಲ್ಲದಿದ್ದರೆ ಕೆಳಗಿನ ಅರ್ಧವನ್ನು ಗರಗಸದಿಂದ ಕೊಯಿಸಿ ಬಿಸಾಕಿ ಮೇಲಿನದನ್ನಷ್ಟೇ ನಿಲ್ಲಿಸಬೇಕು ಎಂದು ನಿರ್ಧರಿಸಿದ್ದೆ. ದಿಲಾವರನ ಅಂಗಡಿಯ ಹಿತ್ತಿಲಿಗೆ ಹೋಗಿ ನೋಡುತ್ತೇನೆ, ಬೇವಿನ ನೆರಳಲ್ಲಿ ಅವ್ವನ ಕಲ್ಲನ್ನು ಎರಡು ದಿಮ್ಮಿಗಳ ಮೇಲೆ ಅಡ್ಡ ಮಲಗಿಸಿದ್ದಾರೆ, ದಿಲಾವರನೂ ಅವನ ಇಬ್ಬರು ಕೆಲಸಗಾರರೂ ಸುತ್ತ ಕುಳಿತು ಅದರ ಮೇಲೆಯೇ ಊಟ ಹಚ್ಚಿಕೊಂಡಿದ್ದಾರೆ! ಅವ್ವನ ಹೆಸರಿನ ಮೇಲೆ ಶುಭ್ರವಾದ ಟವೆಲ್ಲು ಮುಚ್ಚಿದ್ದರು, ಅಷ್ಟು ಮರ್ಯಾದೆ. ಕೆಳಗಿನ ಖಾಲಿ ಅರ್ಧದಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಉಳ್ಳಾಗಡ್ಡಿ. ನನ್ನನ್ನು ಕಂಡು ಮೂವರೂ ಗಾಬರಿಯಿಂದ ಎದ್ದರು. ದಿಲಾವರನ ಕೈಯಲ್ಲಿ ತುತ್ತು ಹಾಗೆಯೇ ಇತ್ತು. "ತಪ್ಪಾತ್ರಿ ಅಕ್ಕಾರ, ಖಾಲಿ ಬಿದ್ದಿತ್ತಂತ..." ಎಂದ.

ನಾನು ಬೈಯಲೆಂದೇ ಬಾಯಿ ತೆರೆದೆ. ಬಂದ ಮಾತು ಬೇರೆ. "ಎದ್ದ್ಯಾಕ ನಿಂತ್ರಿ? ಕುಂದ್ರಿ. ಉಂಡ ಹೋಗ್ರಿ."

ತಮ್ಮದೇ ಅಂಗಡಿಯಲ್ಲಿ ಕುಳಿತವರಿಗೆ ಉಂಡು ಹೋಗಿ ಎಂದರೆ ಅವರು ಎಲ್ಲಿಗೆ ಹೋಗಬೇಕು? ಕೆಲಸದವರು ಮುಖ ಮುಖ ನೋಡಿಕೊಂಡರು. ಮಾತು ಅವ್ವನದು. ದನಿ ಕೂಡ ಅವ್ವನದೇ. ಅಲ್ಲೇ ದಿಮ್ಮಿಯ ಮೇಲೆ ಕುಳಿತುಬಿಟ್ಟೆ. ಅವರು ನನಗೂ ಅರ್ಧ ರೊಟ್ಟಿ ಮುರಿದುಕೊಟ್ಟರು, ತಿಂದೆ. ಕೈ ತೊಳೆದ ಮೇಲೆ ದಿಲಾವರನಿಗೆ ಹೇಳಿದೆ, ಸಾಲು ಸಿಕ್ಕಿತು, ಈಗ ಅಂದದ್ದನ್ನೇ ಕೆತ್ತು. ಅವನು ತಲೆ ಕೆರೆದುಕೊಂಡ. "ಅಕ್ಕಾರ, ಸಮಾಧಿ ಕಲ್ಲಿನ ಮ್ಯಾಲ ಹಿಂಗ ಯಾರೂ ಬರಸೂದಿಲ್ರಿ. ಮಂದಿ ನಗ್ತಾರ." ನಗಲಿ ಬಿಡು ಎಂದೆ. ಯಾರಾದರೂ ಫೋನ್ ಮಾಡಿ ಉಳಿ ಕೆಳಗಿಡು ಎಂದರೆ ಎತ್ತಬೇಡ ಎಂದೂ ಹೇಳಿದೆ. ನಾನು ಅಲ್ಲಿಂದ ಹೊರಡುವಾಗ ಮೊದಲ ಅಕ್ಷರ ಅರ್ಧವಾಗಿತ್ತು.

ಮನೆಗೆ ಬಂದು ನಿನ್ನ ಮಾವನಿಗೆ ತಿಳಿಸಿದೆ. "ಅದೇನ ಸಮಾಧಿನೋ ಖಾನಾವಳಿನೋ?" ಎಂದು ಹಾರಾಡಿದರು. ಸಂಜೆ ಚಹಾ ಕೊಡುವಾಗ ತಾವಾಗಿಯೇ ಹೇಳಿದರು. "ನಿನ್ನ ನೋಡಾಕ ಬಂದ ದಿವಸ ನನಗ ಕಡೇ ಬಸ್ಸು ಹಿಡಿಯೂದಿತ್ತು. ಆಮ್ಯಾಲ ತಿಳಸ್ತೇನಿ ಅಂತ ಎದ್ದಿದ್ದೆ. ಖರೇ ಹೇಳಬೇಕಂದ್ರ ಒಲ್ಲೆ ಅನ್ನಾಂವ ಇದ್ದೆ. ನಿಮ್ಮವ್ವ ಉಂಡ ಹೋಗ್ರಿ ಅಂದ್ಲು. ಬಸ್ಸು ಹೋತು." ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ನನಗೆ ಈ ಸುದ್ದಿ ಸಿಕ್ಕಿತು ನೋಡು! ಒಲ್ಲೆ ಎನ್ನುವವರಿದ್ದರಂತೆ! ಅದರ ವಿಚಾರಣೆ ಈಸ್ಟರ್ ಮುಗಿದ ಮೇಲೆ ಬೇರೆಯಾಗಿ ನಡೆಯಲಿದೆ. ಅವರು ಇನ್ನೊಂದು ಮಾತೂ ಹೇಳಿದರು. "ನಾಥಾಗ ಬರಿ. ಔಷಧಿ ಮಾತು ನಾ ಆಡಬಾರದಿತ್ತು. ಅವನ ತಕರಾರೂ ಬ್ಯಾಡ, ನನ್ನ ಸಾಲೂ ಬ್ಯಾಡ. ಅತ್ತಿಯದ ಇರ್ಲಿ."

ಶನಿವಾರ ಕಲ್ಲು ನಿಲ್ಲಿಸುತ್ತೇವೆ, ಬುಡದ ಕಟ್ಟೆಗೆ ಸುಣ್ಣವನ್ನು ನಾನೇ ಹಚ್ಚುತ್ತೇನೆ. ಭಾನುವಾರ ಬೆಳಗಿನ ಜಾವ ಹಾಡು. ನೀನು ಅಂಗಡಿಯಲ್ಲಿ ಡಬ್ಬಿ ಜೋಡಿಸುತ್ತಾ ಈಸ್ಟರ್ ಹಾಡಿನ ಕೆಳಸ್ವರ ಗುನುಗುತ್ತೀ ಎಂದು ಪ್ರಫುಲ್ಲಾ ಹೇಳಿದ್ದಾಳೆ. ಅವಳ ಮೇಲೆ ರೇಗಬೇಡ, ನಾನೇ ಕೇಳಿ ಬಾಯಿ ಬಿಡಿಸಿದ್ದು. ಅಲ್ಲಿ ಒಬ್ಬನೇ ಗುನುಗುವ ಬದಲು ಅವ್ವನ ಹತ್ತಿರ ಬಂದು ಹಾಡು. ನಿನ್ನ ನಂಬಿಕೆ ಬಿಟ್ಟು ಬಾ ಎನ್ನುತ್ತಿಲ್ಲ, ಅದನ್ನೂ ಕರೆದುಕೊಂಡೇ ಬಾ. ಶನಿವಾರ ಹಾವೇರಿಯಿಂದ ಬರುವ ಮೊದಲ ಬಸ್ಸಿಗೆ ನಿನ್ನ ಮಾವ ರಾಣೆಬೆನ್ನೂರಿನ ನಿಲ್ದಾಣದಲ್ಲಿ ಕಾದಿರುತ್ತಾರೆ. ಅದರಲ್ಲಿ ನೀನಿಲ್ಲದಿದ್ದರೆ ಎರಡನೆಯದಕ್ಕೆ, ಅದರಲ್ಲೂ ಇಲ್ಲದಿದ್ದರೆ ಮೂರನೆಯದಕ್ಕೆ. ಅವರು ಏಳುವುದಿಲ್ಲ ಎಂಬುದು ನಿನಗೆ ಚೆನ್ನಾಗಿ ಗೊತ್ತು. ಹಾಡು ಮುಗಿದ ಮೇಲೆ ಅಲ್ಲಿಯೇ ಅವ್ವನ ಪಕ್ಕದಲ್ಲಿ ಬುಟ್ಟಿ ಬಿಚ್ಚುತ್ತೇನೆ, ಮೇಡ್ಲೇರಿಯಿಂದ ಹೊಳೆಯ ಮೀನು ಹೇಳಿಟ್ಟಿದ್ದೇನೆ. ಹೋದ ವರ್ಷ ಬಿಟ್ಟುಹೋದ ಊಟ ಬಾಕಿ ಇದೆ, ನೀನು ಉಂಡೇ ಹೋಗಬೇಕು. ಇದನ್ನು ನಾನು ಹೇಳುತ್ತಿಲ್ಲ ತಮ್ಮಾ, ಕಲ್ಲಿನ ಮೇಲೆ ಕೆತ್ತಿದೆ.

ಬಂದಾತನಾಗಲಿ, ಬರುವಾತನಾಗಲಿ, ಆತನೇ ನಿನ್ನನ್ನೂ ಪ್ರಫುಲ್ಲಾಳನ್ನೂ ತಣ್ಣಗೆ ಇಟ್ಟಿರಲಿ.

ಬುಟ್ಟಿ ಕಟ್ಟಿಕೊಂಡು ಕೂತಿರುವ
ನಿನ್ನ ಅಕ್ಕ
ರೂತ